ಲಾರ್ಡ್ ಡಾಲ್‌ಹೌಸಿ: ಬದುಕು, ಮನೆತನ, ಮಕ್ಕಳು – ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಇತಿಹಾಸ ಪುಸ್ತಕದಲ್ಲಿ, 1848ರಿಂದ 1856ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಎಂದರೆ ಎರಡೇ ಸಂಗತಿ. ಒಂದು ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ, ಇನ್ನೊಂದು ರೈಲು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಯಾರ ವಂಶ ಮುಂದುವರಿಯಬೇಕು, ಯಾರದು ಅಲ್ಲಿಗೇ ನಿಲ್ಲಬೇಕು ಎಂದು ಕಾಗದದ ಮೇಲೆ ತೀರ್ಮಾನ ಬರೆದ ಈ ಮನುಷ್ಯನ ಸ್ವಂತ ಮನೆಯಲ್ಲಿ ಆಸ್ತಿ, ಹೆಸರು, ಪದವಿಗಳು ಯಾರಿಂದ ಯಾರಿಗೆ ದಾಟಿದವು? ಇದನ್ನು ತಿಳಿಯದೆ ಆ ನೀತಿ ಪೂರ್ತಿ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಅದಕ್ಕೇ ಇಲ್ಲಿ ರಾಜ್ಯಭಾರಕ್ಕಿಂತ ಮನೆತನದ ಮಾತೇ ಹೆಚ್ಚು.

ಡಾಲ್‌ಹೌಸಿ ಎಂಬುದು ಅವನ ಹೆಸರೇ, ಊರೇ, ಪದವಿಯೇ?

ಊರಿನಿಂದ ಬಂದ ಪದವಿ. ಅವನ ಹೆಸರು ಜೇಮ್ಸ್ ಆಂಡ್ರ್ಯೂ ಬ್ರೌನ್-ರಾಮ್ಸೆ. ಹುಟ್ಟಿದ್ದು 1812ರ ಏಪ್ರಿಲ್ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರ, ಸೌತ್ ಎಸ್ಕ್ ಹೊಳೆಯ ಮೇಲಿರುವ ಡಾಲ್‌ಹೌಸಿ ಕೋಟೆಯಲ್ಲಿ. ಮನೆತನದ ಹೆಸರು ರಾಮ್ಸೆ. 1633ರಲ್ಲಿ ವಿಲಿಯಂ ರಾಮ್ಸೆ ಎಂಬವನಿಗೆ ‘ಅರ್ಲ್ ಆಫ್ ಡಾಲ್‌ಹೌಸಿ’ ಎಂಬ ಪದವಿ ಸಿಕ್ಕಿತು, ಅಲ್ಲಿಂದ ಅದು ವಂಶಪಾರಂಪರ್ಯವಾಗಿ ಬಂತು. ನಮ್ಮ ಡಾಲ್‌ಹೌಸಿ 10ನೆಯ ಅರ್ಲ್. ಪಂಜಾಬನ್ನು ವಶಪಡಿಸಿಕೊಂಡ ಮೇಲೆ, 1849ರಲ್ಲಿ, ಅದಕ್ಕಿಂತ ಮೇಲಿನ ಮಾರ್ಕ್ವಿಸ್ ಪದವಿಯೂ ಬಂತು. ಈ ಎರಡು ಪದವಿಗಳ ನಡುವಿನ ವ್ಯತ್ಯಾಸ ನೆನಪಿನಲ್ಲಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ರಾಮ್ಸೆಗಳದು ಎಷ್ಟು ಹಳೆಯ ಮನೆತನ?

ಕೋಟೆಯ ಮೂಲ 13ನೆಯ ಶತಮಾನದ್ದು. ಸ್ಕಾಟರನ್ನು ಬಗ್ಗುಬಡಿಯಲು ಬಂದ ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್, 1298ರಲ್ಲಿ ಫಾಲ್‌ಕರ್ಕ್ ಯುದ್ಧಕ್ಕೆ ಮುನ್ನ ಅಲ್ಲಿ ತಂಗಿದ್ದ. ಮುಂದಿನ ಪೀಳಿಗೆಯ ಸರ್ ಅಲೆಕ್ಸಾಂಡರ್ ರಾಮ್ಸೆ ಅದೇ ಇಂಗ್ಲಿಷರ ವಿರುದ್ಧ ಕಾದಾಡಿ ಹೆಸರು ಮಾಡಿದವನು. 1338ರಲ್ಲಿ ಡನ್‌ಬಾರ್ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದ್ದಾಗ ಒಳಗಿದ್ದವರಿಗೆ ಸಮುದ್ರದ ಕಡೆಯಿಂದ ಆಹಾರ ಮುಟ್ಟಿಸಿದ್ದು ಇವನೇ. ಆದರೆ 1342ರಲ್ಲಿ ಅವನನ್ನು ಕೊಂದವರು ಇಂಗ್ಲಿಷರಲ್ಲ. ಅಧಿಕಾರದ ಜಗಳದಲ್ಲಿ ಸ್ಕಾಟ್ ಸರದಾರನೇ ಆದ ವಿಲಿಯಂ ಡಗ್ಲಸ್ ಅವನನ್ನು ಹರ್ಮಿಟೇಜ್ ಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿ ಅನ್ನನೀರಿಲ್ಲದೆ ಸಾಯಿಸಿದ. 1400ರಲ್ಲಿ ನಾಲ್ಕನೆಯ ಹೆನ್ರಿಯ ಸೈನ್ಯ ಡಾಲ್‌ಹೌಸಿ ಕೋಟೆಗೇ ಮುತ್ತಿಗೆ ಹಾಕಿ, ಆರು ತಿಂಗಳಾದರೂ ಒಳಗೆ ಕಾಲಿಡಲಾಗದೆ ಹಿಂದಿರುಗಿತು.

ಹೊರಗಿನವರು ಬಂದು ನೆಲ ಕಿತ್ತುಕೊಳ್ಳುವುದೆಂದರೆ ಏನೆಂದು ಈ ಮನೆತನಕ್ಕೆ ಶತಮಾನಗಳ ಕಾಲ ಚೆನ್ನಾಗಿ ಗೊತ್ತಿತ್ತು.

ಅವನ ತಂದೆಯೂ ಭಾರತಕ್ಕೆ ಬಂದಿದ್ದನಂತೆ, ನಿಜವೇ?

ನಿಜ. ತಂದೆ ಜಾರ್ಜ್ ರಾಮ್ಸೆ, 9ನೆಯ ಅರ್ಲ್, ವೃತ್ತಿಯಿಂದ ಸೈನಿಕ. ಸ್ಪೇನಿನಲ್ಲಿ ವೆಲಿಂಗ್ಟನ್ನನ ಕೈಕೆಳಗೆ ಯುದ್ಧ ಮಾಡಿದ. ಆಮೇಲೆ 1816ರಲ್ಲಿ ಕೆನಡಾದ ನೋವಾ ಸ್ಕೋಷಿಯಾಕ್ಕೆ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದ. 1820ರಿಂದ 1828ರವರೆಗೆ ಉತ್ತರ ಅಮೆರಿಕದ ಬ್ರಿಟಿಷ್ ಪ್ರಾಂತ್ಯಗಳಿಗೆಲ್ಲ ಗವರ್ನರ್ ಆಗಿದ್ದ. ಅಲ್ಲಿನ ಜನಪ್ರತಿನಿಧಿ ಸಭೆಯ ಜೊತೆ, ವಿಶೇಷವಾಗಿ ಪ್ಯಾಪಿನೋ ಎಂಬ ನಾಯಕನ ಬಳಗದ ಜೊತೆ, ಹಣಕಾಸಿನ ವಿಷಯಕ್ಕೆ ಜಗಳವಾಡುತ್ತಲೇ ಅವಧಿ ಮುಗಿಸಿದ. 1830ರಿಂದ 1832ರವರೆಗೆ ಭಾರತದಲ್ಲಿ ಸೇನಾ ದಂಡನಾಯಕನಾಗಿದ್ದ.

ಹ್ಯಾಲಿಫ್ಯಾಕ್ಸ್ ನಗರದ ಡಾಲ್‌ಹೌಸಿ ವಿಶ್ವವಿದ್ಯಾಲಯಕ್ಕೆ ನಮ್ಮ ಮಕ್ಕಳೂ ಓದಲು ಹೋಗುತ್ತಾರೆ. ಅದು ಈ ತಂದೆಯ ಹೆಸರಿನದು, ಮಗನದಲ್ಲ. 1818ರಲ್ಲಿ ಶುರುವಾದ ಆ ಕಾಲೇಜಿಗೆ ಹಣ ಬಂದದ್ದು 1812ರ ಯುದ್ಧದಲ್ಲಿ ಬ್ರಿಟಿಷರು ಹಿಡಿದಿಟ್ಟುಕೊಂಡಿದ್ದ ಅಮೆರಿಕದ ಕ್ಯಾಸ್ಟೀನ್ ಬಂದರಿನ ಸುಂಕದಿಂದ. ಯಾವ ಪಂಥದವರಿಗೂ ಬಾಗಿಲು ಮುಚ್ಚದ ಕಾಲೇಜು ಬೇಕೆಂಬ ಹಟ ಅವನಿಗಿತ್ತು. ಆ ಮಟ್ಟಿಗೆ ಮೆಚ್ಚಬೇಕಾದ ಕೆಲಸ.

ತಾಯಿಯ ಬಗ್ಗೆ ಏನು ಗೊತ್ತಿದೆ?

ಈ ಮನೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸುವವಳು ಈಕೆಯೇ. ಕ್ರಿಶ್ಚಿಯನ್ ಬ್ರೌನ್, ಈಸ್ಟ್ ಲೋಥಿಯನ್ನಿನ ಹ್ಯಾಡಿಂಗ್‌ಟನ್ ಬಳಿಯ ಕೋಲ್‌ಸ್ಟನ್ ಎಂಬ ಜಮೀನಿನ ಒಡತಿ. ಗಂಡನ ಜೊತೆ ಹೋದಲ್ಲೆಲ್ಲ, ಕೆನಡಾದಲ್ಲೂ ಶಿಮ್ಲಾದಲ್ಲೂ, ಗಿಡಗಳನ್ನು ಸಂಗ್ರಹಿಸಿ, ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಟ್ಟಳು. ಹವ್ಯಾಸಕ್ಕೆ ಹೂ ಒಣಗಿಸುವ ದೊಡ್ಡಮನೆಯ ಹೆಂಗಸಿನ ಕೆಲಸವಾಗಿರಲಿಲ್ಲ ಅದು. ಆಕೆಯ ಭಾರತದ ಸಂಗ್ರಹ ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್ನಿಗೆ ಸೇರಿತು, ಅಲ್ಲಿನ ಸಸ್ಯಶಾಸ್ತ್ರ ಸಂಘ ಆಕೆಗೆ ಗೌರವ ಸದಸ್ಯತ್ವ ಕೊಟ್ಟಿತು. ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ ಒಂದು ಕುಲಕ್ಕೆ ‘ಡಾಲ್‌ಹೌಸಿಯಾ’ ಎಂಬ ಹೆಸರಿದೆ. ಅದು ಗವರ್ನರ್ ಜನರಲ್ ಮಗನ ನೆನಪಿಗಲ್ಲ, ಗಿಡ ಬಲ್ಲ ಈ ತಾಯಿಯ ನೆನಪಿಗೆ.

ಕೋಲ್‌ಸ್ಟನ್ನಿಗೆ ಅಂಟಿಕೊಂಡ ಒಂದು ದಂತಕಥೆಯೂ ಇದೆ. ಹಿಂದೆ ಯೆಸ್ಟರ್ ಕೋಟೆಯ ಹ್ಯೂಗೊ ಡಿ ಗಿಫರ್ಡ್ ಎಂಬ ಮಾಂತ್ರಿಕ ಸರದಾರ ತನ್ನ ಮಗಳನ್ನು ಬ್ರೌನ್ ಮನೆಗೆ ಕೊಡುವಾಗ ಮರದಿಂದ ಒಂದು ಪೇರ್ ಹಣ್ಣು ಕಿತ್ತು ಕೊಟ್ಟನಂತೆ. ಇದು ಕೆಡದೆ ಇರುವವರೆಗೆ ನಿಮ್ಮ ಮನೆ ಕೆಡುವುದಿಲ್ಲ ಎಂದನಂತೆ. ಹಣ್ಣನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ತಲೆತಲಾಂತರ ಕಾಪಾಡಿದರು. 17ನೆಯ ಶತಮಾನದ ಕೊನೆಯಲ್ಲಿ ಆ ಮನೆಗೆ ಬಂದ ಸೊಸೆಯೊಬ್ಬಳು ಬಯಕೆ ತಡೆಯದೆ ಅದನ್ನು ಕಚ್ಚಿದಳು, ಅಲ್ಲಿಂದ ಮನೆಗೆ ಕೇಡು ಬಡಿಯಿತು ಎಂಬುದು ಕಥೆ. ಕಲ್ಲಿನಂತೆ ಗಟ್ಟಿಯಾದ ಆ ಹಣ್ಣು, ಹಲ್ಲಿನ ಗುರುತಿನೊಂದಿಗೆ, ಮನೆಯಲ್ಲಿ ಉಳಿದು ಬಂತು. ಕಥೆಯನ್ನು ನಂಬಬೇಕಿಲ್ಲ. ಮನೆಯ ಅದೃಷ್ಟವನ್ನು ತಂದೆ ಮಗಳ ಕೈಗೆ ಕೊಟ್ಟ ಎಂದು ಕಥೆ ಹೇಳುತ್ತದಲ್ಲ, ಅದನ್ನು ಗಮನಿಸಿ. ಕೋಲ್‌ಸ್ಟನ್ ಜಮೀನು ಕ್ರಿಶ್ಚಿಯನ್ನಳಿಗೆ ಬಂದದ್ದೂ ಮಗಳಾಗಿಯೇ.

ಅವನು ಮೂರನೆಯ ಮಗ. ಅರ್ಲ್ ಹೇಗಾದ?

ಇಬ್ಬರು ಅಣ್ಣಂದಿರೂ ತೀರಿಕೊಂಡರು. ಒಬ್ಬ ಚಿಕ್ಕವನಿದ್ದಾಗಲೇ, ಇನ್ನೊಬ್ಬ 1832ರಲ್ಲಿ. ಆಗ ಜೇಮ್ಸ್ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿದ್ದ. ಅಣ್ಣನ ಸಾವಿನಿಂದ ಓದಿಗೆ ಅಡ್ಡಿಯಾಯಿತು. ಅದೇ ಕಾಲೇಜಿನಲ್ಲಿ ಅವನ ಓರಗೆಯವನಾಗಿದ್ದ ಚಾರ್ಲ್ಸ್ ಕ್ಯಾನಿಂಗ್, ಮುಂದೆ ಅವನ ನಂತರ ಭಾರತದ ಗವರ್ನರ್ ಜನರಲ್ ಆಗಿ ಬಂದವನು. 1838ರ ಮಾರ್ಚ್‌ನಲ್ಲಿ ತಂದೆ, 1839ರ ಜನವರಿಯಲ್ಲಿ ತಾಯಿ ತೀರಿಕೊಂಡರು. 26 ವರ್ಷಕ್ಕೆ ಪದವಿ, ಕೋಟೆ, ಜಮೀನು ಎಲ್ಲ ಇವನ ತಲೆಗೆ ಬಂದವು.

ಹೆಂಡತಿ ಯಾರು?

ಲೇಡಿ ಸೂಸನ್ ಹೇ, 8ನೆಯ ಮಾರ್ಕ್ವಿಸ್ ಆಫ್ ಟ್ವೀಡ್‌ಡೇಲ್‌ನ ಮಗಳು. 1836ರ ಜನವರಿ 21ರಂದು ಮದುವೆ. ಮೇಲೆ ಹೇಳಿದ ಮಾಂತ್ರಿಕನ ಯೆಸ್ಟರ್ ಜಹಗೀರು ಆಮೇಲೆ ಸೇರಿದ್ದು ಇದೇ ಹೇ ಮನೆತನಕ್ಕೆ. ಅಂದರೆ ಅಮ್ಮನ ತವರೂ ಹೆಂಡತಿಯ ತವರೂ ಒಂದೇ ಸೀಮೆ. ಮಾವ ಟ್ವೀಡ್‌ಡೇಲ್ 1842ರಿಂದ 1848ರವರೆಗೆ ಮದ್ರಾಸಿನ ಗವರ್ನರ್, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳೂ ಅವನ ಆಡಳಿತದಲ್ಲೇ ಇದ್ದವು. ಅಳಿಯ ಕಲ್ಕತ್ತಕ್ಕೆ ಬಂದಾಗ ಮಾವ ಇನ್ನೂ ಮದ್ರಾಸಿನಲ್ಲೇ ಇದ್ದ. ಸೂಸನ್ನಳ ಸೋದರ ಆರ್ಥರ್ ಹೇ ಹಕ್ಕಿಗಳ ಅಧ್ಯಯನದಲ್ಲಿ ಹೆಸರು ಮಾಡಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಅಧ್ಯಕ್ಷನಾದ. ಸೋದರಿ ಎಲಿಜಬೆತ್ ವೆಲಿಂಗ್ಟನ್ ಡ್ಯೂಕನ ಮಗನನ್ನು ಮದುವೆಯಾದಳು.

ಈ ಕೊನೆಯ ನೆಂಟಸ್ತಿಕೆ ಮೈಸೂರಿನವರು ಗಮನಿಸಬೇಕಾದದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನ ಸಿಂಹಾಸನದ ಏರ್ಪಾಡು ಮಾಡಿದ ಕಮಿಷನ್ನಿನಲ್ಲಿ ವೆಲಿಂಗ್ಟನ್, ಆಗಿನ ಆರ್ಥರ್ ವೆಲ್ಲೆಸ್ಲಿ, ಒಬ್ಬ ಸದಸ್ಯ. ಆ ಏರ್ಪಾಡು ಒಬ್ಬ ರಾಜನ ಜೀವಿತಕ್ಕಷ್ಟೇ ಸೀಮಿತ ಎಂದು ಮುಂದೆ ವಾದಿಸಿದ ಡಾಲ್‌ಹೌಸಿ ಅವನ ಸೊಸೆಯ ಸೋದರಿಯ ಗಂಡ. ಕೆಲವೇ ಮನೆಗಳು ಎಷ್ಟು ದೇಶಗಳ ಹಣೆಬರಹ ಬರೆಯುತ್ತಿದ್ದವು ನೋಡಿ.

ಅಷ್ಟು ಚಿಕ್ಕ ವಯಸ್ಸಿಗೆ ಗವರ್ನರ್ ಜನರಲ್ ಆದದ್ದು ಹೇಗೆ?

ಕೆಲಸದ ದೈತ್ಯ ಎಂಬ ಹೆಸರು ಆಗಲೇ ಬಂದಿತ್ತು. ಬ್ರಿಟನ್ನಿನ ಪ್ರಧಾನಿ ಪೀಲ್‌ನ ಸರ್ಕಾರದಲ್ಲಿ ವಾಣಿಜ್ಯ ಮಂಡಲಿಯ ಉಪಾಧ್ಯಕ್ಷ, 1845ರಲ್ಲಿ ಅಧ್ಯಕ್ಷ. ಬ್ರಿಟನ್ನಿನಲ್ಲಿ ರೈಲ್ವೆ ಕಂಪನಿಗಳ ಹುಚ್ಚು ಹತ್ತಿದ್ದ ಕಾಲ. ನೂರಾರು ಯೋಜನೆಗಳ ಕಡತಗಳನ್ನು ರಾತ್ರಿಯಿಡೀ ಕೂತು ಓದಿ ಆರೋಗ್ಯ ಕೆಡಿಸಿಕೊಂಡ. ಭಾರತದ ರೈಲಿನ ಬಗ್ಗೆ ಅವನಿಗಿದ್ದ ಖಚಿತತೆಯ ಬೇರು ಇಲ್ಲಿದೆ. 1848ರ ಜನವರಿ 12ರಂದು ಕಲ್ಕತ್ತದಲ್ಲಿ ಅಧಿಕಾರ ವಹಿಸಿಕೊಂಡಾಗ ವಯಸ್ಸು 35. ಆವರೆಗೆ ಅಷ್ಟು ಎಳೆಯ ವಯಸ್ಸಿನ ಗವರ್ನರ್ ಜನರಲ್ ಬಂದಿರಲಿಲ್ಲ.

ಕೊಹಿನೂರ್ ವಜ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದನಂತೆ?

ಹೌದು, ಅವನೇ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಇದೆ. 1849ರ ಮಾರ್ಚ್ 29ರಂದು ಪಂಜಾಬ್ ಕಂಪನಿಯ ವಶವಾಯಿತು. ಸಿಂಹಾಸನದ ಮೇಲಿದ್ದ ದುಲೀಪ್ ಸಿಂಗ್‌ಗೆ ಆಗ ಹತ್ತು ವರ್ಷ. ವಜ್ರವನ್ನು ಇಂಗ್ಲೆಂಡಿನ ರಾಣಿಗೆ ಒಪ್ಪಿಸಬೇಕೆಂಬುದು ಒಪ್ಪಂದದಲ್ಲೇ ಸೇರಿತ್ತು. ಲಾಹೋರಿನಿಂದ ಬೊಂಬಾಯಿವರೆಗೆ ಸಾಗಿಸಲು ಡಾಲ್‌ಹೌಸಿ ಯಾರನ್ನೂ ನಂಬಲಿಲ್ಲ. ವಜ್ರವನ್ನು ಪಟ್ಟಿಯೊಳಗೆ ಎರಡು ಸುತ್ತು ಹೊಲಿದು ಸೊಂಟಕ್ಕೆ ಬಿಗಿದರು, ಪಟ್ಟಿಯ ತುದಿಯನ್ನು ಕೊರಳ ಸರಪಣಿಗೆ ಸಿಕ್ಕಿಸಿದರು. ಹಗಲೂ ರಾತ್ರಿಯೂ ಮೈಮೇಲೇ ಇತ್ತು. ದೇರಾ ಘಾಜಿ ಖಾನ್‌ಗೆ ಹೋಗಿ ಬರುವಾಗ ಮಾತ್ರ ಕ್ಯಾಪ್ಟನ್ ರಾಮ್ಸೆಯ ಸುಪರ್ದಿಗೆ ಕೊಟ್ಟ. ವಜ್ರ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ನಾನು ತಿರುಗಿ ಬರುವವರೆಗೆ ನೀನು ಪೆಟ್ಟಿಗೆಯ ಮೇಲೆಯೇ ಕೂತಿರಬೇಕು ಎಂಬ ಅಪ್ಪಣೆ. ಬೊಂಬಾಯಿಯ ಖಜಾನೆಗೆ ಮುಟ್ಟಿಸಿದ ದಿನ ಜೀವಮಾನದಲ್ಲೇ ಅಷ್ಟು ಸಂತೋಷಪಟ್ಟಿರಲಿಲ್ಲ ಎಂದು ಬರೆದಿದ್ದಾನೆ.

ಆ ಹುಡುಗನ ಸ್ಥಿತಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ತಾಯಿಯಿಂದ ದೂರಮಾಡಿ, 1854ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಕೆಲವು ವರ್ಷ ಅವನು ಇದ್ದದ್ದು ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ, ತನ್ನ ರಾಜ್ಯ ಕಿತ್ತುಕೊಂಡವನ ನಾಡಿನಲ್ಲೇ.

ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ಅವನು ಹುಟ್ಟುಹಾಕಿದ್ದೇ?

ಅಲ್ಲ. ದತ್ತು ಸ್ವೀಕಾರಕ್ಕೆ ಒಪ್ಪಿಗೆ ಕೊಡುವುದು ಅಪರೂಪದ ಅನುಗ್ರಹವಾಗಿರಬೇಕು ಎಂದು ಕಂಪನಿಯ ನಿರ್ದೇಶಕರು 1834ರಲ್ಲೇ ಹೇಳಿದ್ದರು. ಮಾಂಡವಿ, ಕೊಲಾಬಾ, ಜಾಲೌನ್‌ಗಳು ಅವನು ಬರುವ ಮೊದಲೇ ಹೀಗೆ ಹೋಗಿದ್ದವು. ಅವನು ಮಾಡಿದ್ದು ಅಪರೂಪಕ್ಕೆ ಬಳಸುತ್ತಿದ್ದ ನಿಯಮವನ್ನು ಕಟ್ಟುನಿಟ್ಟಿನ ಕ್ರಮವಾಗಿ ಮಾಡಿದ್ದು: 1848ರಲ್ಲಿ ಸತಾರಾ, 1849ರಲ್ಲಿ ಸಂಬಲ್‌ಪುರ, 1854ರಲ್ಲಿ ಝಾನ್ಸಿ ಮತ್ತು ನಾಗಪುರ. ಅವಧ್ ಹೋದದ್ದು ದತ್ತಿನ ಕಾರಣಕ್ಕಲ್ಲ, ಆಡಳಿತ ಕೆಟ್ಟಿದೆ ಎಂಬ ಕಾರಣ ಕೊಟ್ಟು, 1856ರಲ್ಲಿ. ಪಂಜಾಬ್ ಮತ್ತು ಕೆಳ ಬರ್ಮಾ ಯುದ್ಧದಿಂದ. ನಮ್ಮ ಗೈಡುಗಳಲ್ಲಿ ಇವೆಲ್ಲ ಒಂದೇ ಪಟ್ಟಿಯಲ್ಲಿ ಕಲಸಿಹೋಗಿವೆ.

ಹಾಗಾದರೆ ಕಿತ್ತೂರು?

ಕಿತ್ತೂರನ್ನು ಡಾಲ್‌ಹೌಸಿಯ ಲೆಕ್ಕಕ್ಕೆ ಹಾಕುವುದು ತಪ್ಪು. ಮಲ್ಲಸರ್ಜನ ಮಗ ಶಿವಲಿಂಗರುದ್ರ ಸರ್ಜ ತೀರಿಕೊಂಡು, ದತ್ತುಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ, ಚೆನ್ನಮ್ಮ ಕತ್ತಿ ಹಿಡಿದದ್ದು 1824ರಲ್ಲಿ. ಆಗ ಡಾಲ್‌ಹೌಸಿ ಹನ್ನೆರಡು ವರ್ಷದ ಹುಡುಗ. ದತ್ತು ನಿರಾಕರಣೆಯ ಬೆಂಕಿ ಉತ್ತರದ ಝಾನ್ಸಿಗಿಂತ ಮೂವತ್ತು ವರ್ಷ ಮೊದಲು ನಮ್ಮ ನೆಲದಲ್ಲಿ ಹೊತ್ತಿತ್ತು. ಈ ಮಾತನ್ನು ಮಕ್ಕಳಿಗೆ ಸರಿಯಾಗಿ ಹೇಳಿಕೊಡಬೇಕು.

ಕನ್ನಡ ನಾಡಿಗೆ ಅವನ ಕಾಲದಲ್ಲಿ ನೇರವಾಗಿ ಏನಾಯಿತು?

ಮೊದಲು ರಾಯಚೂರು. ಹೈದರಾಬಾದಿನಲ್ಲಿ ಇಟ್ಟಿದ್ದ ಕಂಟಿಂಜೆಂಟ್ ಸೈನ್ಯದ ಖರ್ಚಿನ ಬಾಕಿಗೆಂದು ನಿಜಾಮನಿಂದ 1853ರ ಒಪ್ಪಂದದಲ್ಲಿ ಬೀರಾರ್ ಜೊತೆಗೆ ಕೃಷ್ಣಾ–ತುಂಗಭದ್ರಾ ನಡುವಿನ ರಾಯಚೂರು ದೋಆಬವನ್ನೂ ಬರೆಸಿಕೊಂಡರು. 1860ರಲ್ಲಿ ಅದು ಮತ್ತೆ ನಿಜಾಮನಿಗೆ ಹೋಯಿತು.

ಮೈಸೂರಿನದು ದೊಡ್ಡ ಗಂಡಾಂತರವೇ ಆಗಿತ್ತು. 1831ರಿಂದ ಆಡಳಿತ ಕಮಿಷನರುಗಳ ಕೈಯಲ್ಲಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದು ರಾಜ್ಯ ಹಿಂದಿರುಗಿಸಿ ಎಂದು ಕೇಳುತ್ತಲೇ ಇದ್ದರು. ಅವರಿಗೆ ಬದುಕಿರುವ ಔರಸ ಗಂಡು ಸಂತಾನವಿರಲಿಲ್ಲ. 1799ರ ಒಪ್ಪಂದದಲ್ಲಿ ವಾರಸುದಾರರ ಮಾತಿಲ್ಲ, ಅದು ಈ ರಾಜರಿಗೆ ವೈಯಕ್ತಿಕವಾಗಿ ಕೊಟ್ಟದ್ದು, ಅವರ ನಂತರ ರಾಜ್ಯ ನಮ್ಮದಾಗಬೇಕು ಎಂಬ ಅಭಿಪ್ರಾಯವನ್ನು ಡಾಲ್‌ಹೌಸಿ 1856ರಲ್ಲಿ ಹೊರಡುವ ಮುನ್ನ ಬರೆದಿಟ್ಟ. ರಾಜರು ಅವನಿಗಿಂತ ಹೆಚ್ಚು ಕಾಲ ಬದುಕಿದರು, ಪಟ್ಟು ಬಿಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, ಲಂಡನ್ 1867ರಲ್ಲಿ ಒಪ್ಪಿತು, 1881ರಲ್ಲಿ ರಾಜ್ಯ ಮರಳಿ ಬಂತು. ಡಾಲ್‌ಹೌಸಿಯ ಆ ಟಿಪ್ಪಣಿ ಜಾರಿಯಾಗಿದ್ದರೆ ಚಾಮರಾಜೇಂದ್ರರೂ ಇಲ್ಲ, ನಾಲ್ವಡಿಯವರೂ ಇಲ್ಲ. ನಾವು ಕಂಡ ಮೈಸೂರು ಇರುತ್ತಿರಲಿಲ್ಲ.

ನರಗುಂದದ ಬಾಬಾಸಾಹೇಬನಿಗೂ ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಬಂಡೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿದ.

ಅವನ ಸ್ವಂತ ನಾಡಿನಲ್ಲಿ ದತ್ತು ಪದ್ಧತಿ ಇತ್ತೇ?

ಕಾನೂನಿನಲ್ಲಿ ಇರಲಿಲ್ಲ. ಸ್ಕಾಟ್ಲೆಂಡಿಗೆ ದತ್ತು ಕಾಯಿದೆ ಬಂದದ್ದು 1930ರಲ್ಲಿ. ರಕ್ತಸಂಬಂಧವಿಲ್ಲದ ಮಗು ಮಂತ್ರೋಕ್ತವಾಗಿ ಮಗನಾಗುವುದು, ಪಿಂಡ ಹಾಕುವುದು, ಪಟ್ಟ ಏರುವುದು ಅವನು ಬೆಳೆದ ಕಾನೂನಿನಲ್ಲಿ ಜಾಗವೇ ಇಲ್ಲದ ಸಂಗತಿ. ಅಷ್ಟರಮಟ್ಟಿಗೆ ಅವನ ಕುರುಡು ಅರ್ಥವಾಗುತ್ತದೆ.

ಆದರೆ ಅಲ್ಲಿಗೇ ಬಿಡುವಂತಿಲ್ಲ. ಮನೆಗೆ ಗಂಡು ದಿಕ್ಕಿಲ್ಲದಾಗ ಏನು ಮಾಡಬೇಕೆಂದು ಸ್ಕಾಟ್ ಜಮೀನ್ದಾರರಿಗೆ ಚೆನ್ನಾಗಿ ಗೊತ್ತಿತ್ತು. ಅವರ ದಾರಿಗಳು ಬೇರೆ, ಅಷ್ಟೆ. ಕೋಲ್‌ಸ್ಟನ್ ಮಗಳಿಗೆ ಹೋಯಿತು, ಅದರ ಜೊತೆ ಬ್ರೌನ್ ಎಂಬ ಹೆಸರು ರಾಮ್ಸೆಗೆ ಸೇರಿಕೊಂಡು ಉಳಿಯಿತು. ಇನ್ನೂ ಸ್ಪಷ್ಟವಾದ ಉದಾಹರಣೆ ಅವನ ಸ್ವಂತ ಚಿಕ್ಕಪ್ಪನದು. 8ನೆಯ ಅರ್ಲ್‌ನ ಎರಡನೆಯ ಮಗ ವಿಲಿಯಂ ಹುಟ್ಟಿದ್ದು ರಾಮ್ಸೆಯಾಗಿ. ಪ್ಯಾನ್ಮೂರ್ ಎಂಬ ದೊಡ್ಡ ಜಹಗೀರಿನ ಒಡೆಯ ವಿಲಿಯಂ ಮೌಲ್‌ಗೆ ಮಕ್ಕಳಿರಲಿಲ್ಲ. ಆ ಆಸ್ತಿ 1787ರಲ್ಲಿ ಈ ಹುಡುಗನಿಗೆ ಬಂತು, ಅವನು ರಾಮ್ಸೆ ಎಂಬುದನ್ನು ಬಿಟ್ಟು ಮೌಲ್ ಎಂಬ ಹೆಸರನ್ನೂ ಆ ಮನೆಯ ಲಾಂಛನವನ್ನೂ ತೆಗೆದುಕೊಂಡ. ಅವನ ಮಕ್ಕಳೆಲ್ಲ ಮೌಲ್‌ಗಳು. ಬೇರೆ ಮನೆಯ ಹುಡುಗ ಬಂದು, ಹೆಸರು ಬದಲಿಸಿಕೊಂಡು, ಆರಲಿದ್ದ ಮನೆಯ ದೀಪ ಉಳಿಸುವುದಕ್ಕೆ ನಮ್ಮಲ್ಲಿ ಏನೆನ್ನುತ್ತೇವೆ?

ಅಂಥ ಚಿಕ್ಕಪ್ಪನ ಅಣ್ಣನ ಮಗ, ಝಾನ್ಸಿಯ ರಾಜ ಗಂಗಾಧರ ರಾಯನ ದತ್ತುಪುತ್ರನನ್ನು ರಾಜ್ಯಕ್ಕೆ ವಾರಸುದಾರನಲ್ಲ ಎಂದ. ಖಾಸಗಿ ಆಸ್ತಿಗೆ ದತ್ತುಮಗ ಹಕ್ಕುದಾರನಾಗಬಹುದು, ರಾಜ್ಯಕ್ಕಲ್ಲ ಎಂದು ಅವನ ವಾದ. ಆ ಗೆರೆಯನ್ನು ಎಳೆದವನೂ ಅವನೇ, ಅದರಿಂದ ಲಾಭ ಪಡೆದ ಕಂಪನಿಯ ನೌಕರನೂ ಅವನೇ. ಅವನ ಬಗ್ಗೆ ನನ್ನ ದೂರು ಮುಖ್ಯವಾಗಿ ಇದೇ. ಅವನಿಗೆ ವಂಶದ ನೋವು ಗೊತ್ತಿರಲಿಲ್ಲ ಎನ್ನಲಾಗುವುದಿಲ್ಲ. ತನ್ನ ಮನೆಗೆ ಒಪ್ಪುವ ಉಪಾಯ ಇನ್ನೊಬ್ಬರ ಮನೆಗೂ ಒಪ್ಪುತ್ತದೆ ಎಂದು ನೋಡಲು ಅವನು ನಿರಾಕರಿಸಿದ.

ಒಳ್ಳೆಯ ಕೆಲಸವೇ ಮಾಡಲಿಲ್ಲವೇ?

ಮಾಡಿದ, ಅದನ್ನು ಮುಚ್ಚಿಡಬೇಕಾಗಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಮೊದಲ ಪ್ರಯಾಣಿಕರ ರೈಲು ಓಡಿತು. ನಾಲ್ಕು ದಿನಕ್ಕೆ, ಏಪ್ರಿಲ್ 20ರಂದು, ದೇಶಕ್ಕೆಲ್ಲ ರೈಲುಮಾರ್ಗದ ನಕ್ಷೆ ಹಾಕಿದ ಅವನ ಟಿಪ್ಪಣಿ ಸಿದ್ಧವಾಯಿತು. ಓಶಾನಸಿ ಎಂಬವನು ಹಾಕಿಸಿದ ಟೆಲಿಗ್ರಾಫ್ ತಂತಿ ಅವನು ಹೊರಡುವ ಹೊತ್ತಿಗೆ ಸುಮಾರು 4000 ಮೈಲಿ ಹರಡಿತ್ತು. 1854ರಲ್ಲಿ ದೂರ ಎಷ್ಟಿದ್ದರೂ ಕಾಗದಕ್ಕೆ ಅರ್ಧ ಆಣೆಯ ಒಂದೇ ದರ, ಗಂಗಾ ಕಾಲುವೆ, ಲೋಕೋಪಯೋಗಿ ಇಲಾಖೆ. ಬೆಥೂನ್ ತೀರಿಕೊಂಡ ಮೇಲೆ ಕಲ್ಕತ್ತದ ಅವನ ಹೆಣ್ಣುಮಕ್ಕಳ ಶಾಲೆಯನ್ನು ಡಾಲ್‌ಹೌಸಿ ಸ್ವಂತ ಹಣ ಕೊಟ್ಟು ನಡೆಸಿದ. ಇವು ಸೈನ್ಯಕ್ಕೂ ವ್ಯಾಪಾರಕ್ಕೂ ಅನುಕೂಲವಾಗಲೆಂದು ಮಾಡಿದವು ಎಂಬುದು ನಿಜ. ಶಾಲೆಗೆ ಆ ಮಾತು ಹೊಂದುವುದಿಲ್ಲ.

ಲೇಡಿ ಡಾಲ್‌ಹೌಸಿಗೆ ಏನಾಯಿತು?

ಭಾರತದ ಹವೆ ಒಗ್ಗಲಿಲ್ಲ. ಆರೋಗ್ಯ ತೀರ ಕೆಟ್ಟು 1853ರ ಆರಂಭದಲ್ಲಿ ಊರಿಗೆ ಹೊರಟಳು. ಆ ವರ್ಷದ ಮೇ 6ರಂದು, ಮನೆ ತಲುಪುವ ಮೊದಲೇ, ಸಮುದ್ರದ ಮೇಲೆ ತೀರಿಕೊಂಡಳು. ರೈಲಿನ ಟಿಪ್ಪಣಿಗೆ ಅವನು ಸಹಿ ಹಾಕುವಾಗ ಆಕೆ ಹಡಗಿನಲ್ಲಿದ್ದಳು. ಭಾರತದೊಳಗೆ ಸುದ್ದಿ ನಿಮಿಷಗಳಲ್ಲಿ ಮುಟ್ಟುವಂತೆ ಮಾಡುತ್ತಿದ್ದವನಿಗೆ ಈ ಸುದ್ದಿ ಹಡಗಿನಲ್ಲೇ ಬರಬೇಕಾಯಿತು. ಆಮೇಲೆ ಅವನು ಇನ್ನೂ ಹೆಚ್ಚು ಕೆಲಸದೊಳಗೆ ಹುದುಗಿದ. ಹಿರಿಯ ಮಗಳು ಸೂಸನ್ ಜಾರ್ಜಿಯಾನಾ ತಂದೆಯ ಜೊತೆಗಿರಲು ಭಾರತಕ್ಕೆ ಬಂದಳು.

ನೀಲಗಿರಿಯಲ್ಲಿ ಇದ್ದನಂತೆ?

1855ರಲ್ಲಿ, ತಿಂಗಳುಗಟ್ಟಲೆ. ಕಾಲಿನ ರೋಗ ಮತ್ತು ದಣಿವಿನಿಂದ ಕಲ್ಕತ್ತ ಬಿಟ್ಟು ಬಂದ. ಊಟಿಯ ಮಳೆ ಸಹಿಸದೆ ಕೋಟಗಿರಿಗೆ ಇಳಿದ. ಅವಧ್‌ನ ಗತಿ ತೀರ್ಮಾನಿಸಿದ ಟಿಪ್ಪಣಿಯನ್ನು ಬರೆದದ್ದು ಲಖನೌ ಹತ್ತಿರವೆಲ್ಲೂ ಅಲ್ಲ, ಈ ಬೆಟ್ಟಗಳಲ್ಲಿ.

ಮಕ್ಕಳೆಷ್ಟು, ಅವರು ಏನಾದರು?

ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ.

ಹಿರಿಯವಳು ಸೂಸನ್ 1863ರಲ್ಲಿ ರಾಬರ್ಟ್ ಬರ್ಕ್‌ನನ್ನು ಮದುವೆಯಾದಳು. ಅವನು ವೈಸರಾಯ್ ಲಾರ್ಡ್ ಮೇಯೊನ ತಮ್ಮ. ಬೆಂಗಳೂರಿನ ಮೇಯೊ ಹಾಲ್ ಆ ಭಾವನ ಹೆಸರಿನದು, 1872ರಲ್ಲಿ ಅಂಡಮಾನಿನಲ್ಲಿ ಅವನ ಕೊಲೆಯಾಯಿತು. ರಾಬರ್ಟ್ 1886ರಿಂದ ಮದ್ರಾಸ್ ಗವರ್ನರ್, ಆಮೇಲೆ ಲಾರ್ಡ್ ಕಾನಿಮರಾ. ಚೆನ್ನೈನ ಕಾನಿಮರಾ ಗ್ರಂಥಾಲಯ ನೋಡಿದವರು ಬಹಳ ಮಂದಿ. ಆ ಹೆಸರಿನ ಹಿಂದೆ ಡಾಲ್‌ಹೌಸಿಯ ಅಳಿಯ ಇದ್ದಾನೆಂದು ತಿಳಿದವರು ಕಡಿಮೆ. ಗಂಡನ ನಡತೆಯ ಮೇಲೆ ಆರೋಪ ಹೊರಿಸಿ ಸೂಸನ್ 1890ರಲ್ಲಿ ವಿಚ್ಛೇದನ ಪಡೆದಳು, ಅದೇ ವರ್ಷ ಅವನು ಹುದ್ದೆ ಬಿಟ್ಟ. ವಿಕ್ಟೋರಿಯಾ ಕಾಲದಲ್ಲಿ ಗವರ್ನರನ ಹೆಂಡತಿ ಕೋರ್ಟಿಗೆ ಹೋಗುವುದೆಂದರೆ ಎಂಥ ಗಟ್ಟಿತನ ಬೇಕಿತ್ತು! ಆಕೆ ಮತ್ತೆ ಮದುವೆಯಾದಳು. ಅಜ್ಜಿಯ ಕೋಲ್‌ಸ್ಟನ್ ಆಕೆಗೆ ಬಂತು.

ಕಿರಿಯವಳು ಈಡಿತ್ ಕ್ರಿಶ್ಚಿಯನ್, 1859ರಲ್ಲಿ ಸರ್ ಜೇಮ್ಸ್ ಫರ್ಗುಸನ್‌ನ ಹೆಂಡತಿಯಾದಳು. ಗಂಡ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆಗಿದ್ದಾಗ 1871ರಲ್ಲಿ ಅಡಿಲೇಡಿನಲ್ಲಿ ತೀರಿಕೊಂಡಳು. ಅಲ್ಲಿನ ಈಡಿತ್‌ಬರೊ ಎಂಬ ಊರು ಆಕೆಯ ಹೆಸರಿನದು. ಫರ್ಗುಸನ್ 1880ರಿಂದ 1885ರವರೆಗೆ ಬೊಂಬಾಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳೆಲ್ಲ ಅವನ ಆಡಳಿತದ ಕೆಳಗೆ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಹುಡುಗರು ಓದಲು ಹೋದ ಪುಣೆಯ ಫರ್ಗುಸನ್ ಕಾಲೇಜು ಅವನ ಹೆಸರಿನದೇ.

1857ರ ದಂಗೆಗೆ ಅವನೇ ಕಾರಣ ಎಂದಾಗ ಏನು ಉತ್ತರ ಕೊಟ್ಟ?

ಬಹಿರಂಗವಾಗಿ ಕೊಡಲಿಲ್ಲ. 1856ರ ಮಾರ್ಚ್ 6ರಂದು ಊರುಗೋಲಿನ ಮೇಲೆ ಕಲ್ಕತ್ತ ಬಿಟ್ಟ. ಕಂಪನಿ ವರ್ಷಕ್ಕೆ 5000 ಪೌಂಡ್ ಪಿಂಚಣಿ ಕೊಟ್ಟಿತು. ಮರುವರ್ಷ ಮೀರತ್ ಸಿಡಿದಾಗ ಲಂಡನ್ನಿನ ಪತ್ರಿಕೆಗಳು ಅವನತ್ತ ಬೆರಳು ತೋರಿಸಿದವು. ರೋಗದಲ್ಲಿ ನರಳುತ್ತಿದ್ದವನು ಸುಮ್ಮನಿದ್ದ. ತನ್ನ ಖಾಸಗಿ ಕಾಗದಪತ್ರಗಳನ್ನು ಸತ್ತು 50 ವರ್ಷವಾಗುವವರೆಗೆ ಪ್ರಕಟಿಸಕೂಡದು ಎಂದು ಉಯಿಲಿನಲ್ಲಿ ಬರೆಸಿದ. ಅವನ ಖಾಸಗಿ ಪತ್ರಗಳು ಅಚ್ಚಾದದ್ದು 1910ರಲ್ಲಿ. ಅಷ್ಟರಲ್ಲಿ ತೀರ್ಪು ಗಟ್ಟಿಯಾಗಿಬಿಟ್ಟಿತ್ತು. ಅವನ ಗೆಳೆಯ ಕ್ಯಾನಿಂಗ್‌ನೇ ದಂಗೆಯ ನಂತರ ರಾಜರಿಗೆ ದತ್ತು ಸ್ವೀಕಾರದ ಹಕ್ಕುಪತ್ರ, ಸನದುಗಳನ್ನು ಹಂಚಿದ. ಒಂದು ನೀತಿ ತಪ್ಪಾಗಿತ್ತು ಎನ್ನುವುದಕ್ಕೆ ಅದಕ್ಕಿಂತ ಅಧಿಕೃತ ಒಪ್ಪಿಗೆ ಬೇಕಿಲ್ಲ.

ಅವನ ನಂತರ ಪದವಿ ಯಾರಿಗೆ ಹೋಯಿತು?

1860ರ ಡಿಸೆಂಬರ್ 19ರಂದು ಡಾಲ್‌ಹೌಸಿ ಕೋಟೆಯಲ್ಲಿ, 48ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಾರ್ಕ್ವಿಸ್ ಪದವಿ ಅವನ ಗಂಡು ಸಂತತಿಗೆ ಮಾತ್ರ ಸಲ್ಲುವಂಥದ್ದು, ಹಾಗಾಗಿ ಅವನೊಂದಿಗೇ ಮುಗಿಯಿತು. ಹಳೆಯ ಅರ್ಲ್ ಪದವಿ ದಾಯಾದಿಗೆ ಹೋಯಿತು. ಯಾರು ಆ ದಾಯಾದಿ? ಫಾಕ್ಸ್ ಮೌಲ್, ಲಾರ್ಡ್ ಪ್ಯಾನ್ಮೂರ್. ಕ್ರಿಮಿಯಾ ಯುದ್ಧದ ಕಾಲದ ಯುದ್ಧಮಂತ್ರಿ. ಹೆಸರು ಬದಲಿಸಿಕೊಂಡು ಪ್ಯಾನ್ಮೂರಿಗೆ ಹೋದ ಆ ಚಿಕ್ಕಪ್ಪನ ಮಗ. ಮೌಲ್ ಮನೆಯವನಾಗಿ ಹುಟ್ಟಿದವನು 11ನೆಯ ಅರ್ಲ್ ಆಫ್ ಡಾಲ್‌ಹೌಸಿ ಆಗಿ ರಾಮ್ಸೆಗಳ ಪದವಿಯನ್ನು ಮುಂದುವರಿಸಿದ. ಯಾರೂ ಅದನ್ನು ಪ್ರಶ್ನಿಸಲಿಲ್ಲ. ಅವನಿಗೂ ಮಕ್ಕಳಿರಲಿಲ್ಲ, 1874ರಲ್ಲಿ ಅದು ನೌಕಾಪಡೆಯ ಅಡ್ಮಿರಲ್ ಆಗಿದ್ದ ಇನ್ನೊಬ್ಬ ದಾಯಾದಿ ಜಾರ್ಜ್ ರಾಮ್ಸೆಗೆ ದಾಟಿತು. ಅರ್ಲ್ ಪದವಿ ಇಂದಿಗೂ ಇದೆ.

ಡಾಲ್‌ಹೌಸಿ ಹೆಸರಿನ ಊರುಗಳೆಲ್ಲ ಇವನದೇ?

ಹಿಮಾಚಲದ ಗಿರಿಧಾಮ, ಹೌದು. ಕಲ್ಕತ್ತದ ಡಾಲ್‌ಹೌಸಿ ಚೌಕವೂ ಇವನದೇ ಆಗಿತ್ತು. ಈಗ ಅದು ಮೂವರು ಯುವ ಕ್ರಾಂತಿಕಾರರ ಹೆಸರಿನ ಬಿನಯ್-ಬಾದಲ್-ದಿನೇಶ್ ಬಾಗ್. ಕೆನಡಾದ ಹೆಸರುಗಳು ತಂದೆಯವು.

ಈ ಜಾಗಗಳನ್ನು ನೋಡಬಹುದೇ? ಕಾಗದಪತ್ರಗಳು ಎಲ್ಲಿವೆ?

ಡಾಲ್‌ಹೌಸಿ ಕೋಟೆ ಈಗ ಹೋಟೆಲ್. ಎಡಿನ್‌ಬರೊದಿಂದ ದೂರವಿಲ್ಲ, ಬಾನಿರಿಗ್ ಊರಿನ ಪಕ್ಕ. ಸಮಾಧಿ ಹತ್ತಿರದ ಕಾಕ್‌ಪೆನ್ ಚರ್ಚಿನ ಅಂಗಳದಲ್ಲಿದೆ. ಮನೆತನದ ದಾಖಲೆಗಳ ದೊಡ್ಡ ಸಂಗ್ರಹ ಎಡಿನ್‌ಬರೊದ ಸ್ಕಾಟ್ಲೆಂಡ್ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿದೆ. ಅಲ್ಲಿ ಓದುವ, ಬರೆಯುವ ಕನ್ನಡಿಗರು ಈಗ ಬೇಕಾದಷ್ಟು ಇದ್ದಾರೆ. ಸತಾರಾ, ಝಾನ್ಸಿಗಳ ಬಗ್ಗೆ ಮರಾಠಿ, ಹಿಂದಿಯವರು ಇಂಥ ದಾಖಲೆಗಳನ್ನು ಜಾಲಾಡಿದಷ್ಟು ನಾವು ಮೈಸೂರು, ರಾಯಚೂರು, ನರಗುಂದಗಳಿಗಾಗಿ ಜಾಲಾಡಿಲ್ಲ. ಎಡಿನ್‌ಬರೊದಲ್ಲಿರುವ ಯಾರಾದರೂ ವಿದ್ಯಾರ್ಥಿ ಮೈಸೂರಿನ ಟಿಪ್ಪಣಿಯ ಜಾಡಿನಿಂದಲೇ ಶುರು ಮಾಡಬಹುದು.